ಕಾಲಿಗಿಲ್ಲದ ಕ್ಲಚ್ಚು

ಎಳ್ಳಮಾವಾಸ್ಯೆ ಮುಗಿದು ಇವತ್ತಿಗೆ ಐದು ದಿನ. ನನ್ನ ಕಾರಿನೊಳಗೆ ಇನ್ನೂ ಅಂಬಲಿ ವಾಸನೆ. ಎರಡು ಸಲ ತೊಳೆಸಿದೆ, ನಾಲ್ಕೂ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿದೆ, ಡ್ಯಾಶ್‌ಬೋರ್ಡಿನ ಮೇಲೆ ಮಲ್ಲಿಗೆ ಪರಿಮಳದ ಡಬ್ಬಿ ಇಟ್ಟೆ. ಈಗ ಮಲ್ಲಿಗೆ ಮುಡಿದ ಅಂಬಲಿಯ ವಾಸನೆ ಬರುತ್ತದೆ. ಇವತ್ತು ಬೆಳಿಗ್ಗೆ ನನ್ನ ಜೊತೆ ಆಫೀಸಿಗೆ ಬರುವ ಗೆಳೆಯ ಕೂತ ಎರಡನೇ ನಿಮಿಷಕ್ಕೆ ಗ್ಲಾಸು ಇಳಿಸಿದ. ಬೀದರಿನ ಈ ಚಳಿಯಲ್ಲಿ, ತಲೆಗೆ ಮಫ್ಲರ್ ಸುತ್ತಿಕೊಂಡ ಮನುಷ್ಯ ಗ್ಲಾಸು ಇಳಿಸುತ್ತಾನೆಂದರೆ ಒಳಗಿನ ಪರಿಸ್ಥಿತಿ ನೀವೇ ಅಂದಾಜು ಮಾಡಿ.

ನಮ್ಮ ಚಳಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಟಿವಿಯವರಿಗೆ ಬೀದರ್ ನೆನಪಾಗುವುದೇ ಈ ಎರಡು ತಿಂಗಳು. ನಕಾಶೆಯ ನೆತ್ತಿಯ ಮೇಲೆ 9 ಅಂತಲೋ 10 ಅಂತಲೋ ಬರೆದು ತಾವೇ ನಡುಗಿ ತೋರಿಸುತ್ತಾರೆ. ಆಮೇಲೆ ಮುಂದಿನ ಚಳಿಗಾಲದವರೆಗೆ ನಾವು ರಾಜ್ಯದಲ್ಲಿ ಇರುವುದಿಲ್ಲ.

ಅಂಬಲಿಯ ಕಥೆ ಶುರುವಾಗುವುದು ನನ್ನ ಸೋದರಮಾವನಿಂದ. ಮೂವತ್ತೆರಡು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ನಾನು ಎರಡು ವರ್ಷದ ಹಿಂದೆ ಎಎಂಟಿ ಗಾಡಿ ತಗೊಂಡೆ. ಎಎಂಟಿ ಅಂದರೆ ಒಳಗೆ ಇರುವುದು ಅದೇ ಮ್ಯಾನುವಲ್ ಗೇರ್‌ಬಾಕ್ಸು, ಅದೇ ಕ್ಲಚ್ಚು. ಆದರೆ ಕ್ಲಚ್ ಒತ್ತುವ, ಗೇರು ಹಾಕುವ ಕೆಲಸವನ್ನು ಕಾಲು-ಕೈಗಳ ಬದಲು ಯಂತ್ರವೇ ಮಾಡುತ್ತದೆ. 2014ರಲ್ಲಿ ಮಾರುತಿಯ ಸೆಲೆರಿಯೊ ಕಾರಿನಲ್ಲಿ ಬಂದಾಗಿನಿಂದ ನಮ್ಮಂಥ ಮಧ್ಯಮ ವರ್ಗದವರ ಎಡಗಾಲಿಗೆ ಸಿಕ್ಕ ಬಿಡುಗಡೆ ಇದು. ಮಾವನ ಎಡಗಾಲಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಅವರು ನನ್ನ ಪಕ್ಕದ ಸೀಟಿನಲ್ಲಿ ಕೂತರೆ ಗಾಡಿಯನ್ನು ಇಬ್ಬರು ಓಡಿಸುತ್ತಿರುತ್ತೇವೆ. ನಾನು ನಿಧಾನ ಮಾಡಿದರೆ ಅವರ ಎಡಗಾಲು ಮುಂದಕ್ಕೆ ಹೋಗಿ ಇಲ್ಲದ ಕ್ಲಚ್ಚನ್ನು ಒತ್ತುತ್ತದೆ. ಆ ಜಾಗದಲ್ಲಿ ಮ್ಯಾಟು ಸವೆದು ತಳ ಕಾಣುತ್ತಿದೆ. ಎಡಗೈ ಬಾಗಿಲ ಮೇಲೆ ಇರುತ್ತದೆ, ಅಂದರೆ ಗ್ಲಾಸಿನ ಸ್ವಿಚ್ಚಿನ ಮೇಲೆ. ಅವರ ಲೆಕ್ಕದಲ್ಲಿ ಅದೇ ಗೇರು. ಎರಡನೇ ಗೇರಿಗೆ ಕೈ ಕೆಳಗೆ ಒತ್ತುತ್ತಾರೆ, ಗ್ಲಾಸು ಇಳಿಯುತ್ತದೆ. ಮೂರಕ್ಕೆ ಮೇಲೆ ಎತ್ತುತ್ತಾರೆ, ಗ್ಲಾಸು ಏರುತ್ತದೆ. ನಾಲ್ಕಕ್ಕೆ ಮತ್ತೆ ಇಳಿಯುತ್ತದೆ. ಹೀಗಾಗಿ ಊರೊಳಗೆ ಅರ್ಧ ಚಳಿ, ಹೈವೇ ಮುಟ್ಟಿದ ಮೇಲೆ ಪೂರ್ತಿ ಚಳಿ. ಮೇಲಾಗಿ ಎಎಂಟಿ ಗೇರು ಬದಲಿಸುವಾಗ ಒಂದು ಕ್ಷಣ ಉಸಿರು ಹಿಡಿದು, ಕೂತವರ ತಲೆ ದೂಗಿಸಿ ಆಮೇಲೆ ಮುಂದೆ ಹೋಗುತ್ತದಲ್ಲ, ಅದೇ ಹೊತ್ತಿಗೆ ಮಾವ ನನ್ನ ಕಡೆ ತಿರುಗುತ್ತಾರೆ.

"ನೋಡ್ದಿ? ಈಗ ಹಾಕ್ತು ಎರಡನೇದು. ನಾ ಆಗ್ಲೇ ಹಾಕಿದ್ದೆ."

ಮಾಂಟ್ರಿಯಲ್‌ನಲ್ಲಿರುವ ನನ್ನ ತಮ್ಮ ವಿಡಿಯೋ ಕಾಲ್ ಮಾಡಿದಾಗಲೂ ಇದೇ ಪಂಚಾಯಿತಿ. ಚಳಿಗಾಲಕ್ಕೆ ಯಾವ ಗಾಡಿ ಛಲೋ, ಹೇಳು ಅಂದರು ಮಾವ. ಅಲ್ಲಿ ಬಹುತೇಕ ಎಲ್ಲರದೂ ಆಟೊಮ್ಯಾಟಿಕ್ಕೇ ಅಂದ ಅವನು. ಹಿಮದಲ್ಲಿ ಗೇರಿಗಿಂತ ಟೈರು ದೊಡ್ಡದು, ಅವರ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಹಾಕುವುದು ಕಾನೂನಿನಿಂದಲೇ ಕಡ್ಡಾಯ ಅಂದ. ರಸ್ತೆಗೆ ಉಪ್ಪು ಚೆಲ್ಲುವುದರಿಂದ ಗಾಡಿಗೆ ಜಂಗು, ಅಂದರೆ ತುಕ್ಕು, ಹಿಡಿಯುತ್ತದೆ ಅಂತಲೂ ಹೇಳಿದ. ಕೊನೆಗೆ, ಜಾರುವ ಕಡೆ ಗಾಲಿ ಬುರ್ರೆಂದು ಸುತ್ತಬಾರದೆಂದು ಕೆಲವರು ಎರಡನೇ ಗೇರಿನಲ್ಲಿ ಮೆಲ್ಲಗೆ ಎತ್ತುತ್ತಾರೆ ಅಂದ. ಇಷ್ಟೆಲ್ಲದರಲ್ಲಿ ಮಾವನ ಕಿವಿಗೆ ಬಿದ್ದದ್ದು ಕೊನೆಯದೊಂದೇ. "ಕೇಳ್ದೇನು? ಎರಡನೇ ಗೇರು ಅಂದ!"

ಇರಲಿ. ಎಳ್ಳಮಾವಾಸ್ಯೆ ದಿನ ಬೆಳಿಗ್ಗೆ ಭಾಲ್ಕಿ ಕಡೆಯ ಹೊಲಕ್ಕೆ ಹೊರಟಾಗ ಮಂಜು ಎಷ್ಟಿತ್ತೆಂದರೆ ಬಾನೆಟ್ಟಿನ ತುದಿ ಕಂಡರೆ ಪುಣ್ಯ. ಫುಲ್ ಲೈಟ್ ಹಾಕಿದರೆ ಬೆಳಕು ಮಂಜಿಗೆ ಬಡಿದು ನಮ್ಮ ಕಣ್ಣಿಗೇ ವಾಪಸು ಬರುತ್ತದೆ, ಡಿಮ್ಮಿನಲ್ಲೇ ಹೋಗಬೇಕು. ಮೇಲೆ ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು, ಹಿಂದೆ ಒಂದು ಕೆಂಪು ದೀಪ ಇಲ್ಲ. ಮಂಜಿನೊಳಗಿಂದ ಮೊದಲು ಕಾಣುವುದು ಕಬ್ಬಿನ ವಾಡೆ, ಮೂಗಿನ ಮುಂದೆ. ಪ್ರತಿ ಟ್ರೇಲರಿಗೂ ನಾನು ಬ್ರೇಕು, ಮಾವ ಕ್ಲಚ್ಚು, ಗ್ಲಾಸು ಕೆಳಗೆ. ಹಿಂದಿನ ಸೀಟಿನಲ್ಲಿ ಅಂಬಲಿಯ ಮಡಕೆ ತೊಡೆಯ ಮೇಲಿಟ್ಟುಕೊಂಡ ಅತ್ತಿ, "ಗ್ಲಾಸ್ ಮ್ಯಾಲ ಮಾಡ್ರಿ, ಚಳಿ ಹತ್ಯಾದ" ಅನ್ನುತ್ತ ಸೆರಗು ಹೊದ್ದುಕೊಂಡರು.

ಹೊಲದಲ್ಲಿ ಎಲ್ಲ ಸುಸೂತ್ರ. ಐದು ಕಲ್ಲಿಟ್ಟು ಪಾಂಡವರ ಪೂಜೆ, ಹೊಲಕ್ಕೆ ಎಡೆ ಚೆಲ್ಲುವ ಚರಗ, ಭಜ್ಜಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾದ ಹೋಳಿಗೆ. ಹೊಟ್ಟೆ ಭಾರವಾಗಿ ತೊಗರಿ ಸಾಲಿನ ಬದುವಿನ ಮೇಲೆ ಮಲಗಿಬಿಟ್ಟೆ. ಅಷ್ಟರಲ್ಲಿ ಹುಡುಗರು ಡಿಕ್ಕಿ ತೆರೆದು ಮೂರು ತಾಸು ಹಾಡು ಹಚ್ಚಿದ್ದರು. ಬ್ಯಾಟರಿ ಮೊದಲೇ ಹಳೆಯದು, ಚಳಿಗೆ ಅದರ ಬಲ ಇನ್ನಷ್ಟು ಕುಗ್ಗುತ್ತದೆ. ಸಂಜೆ ಗುಂಡಿ ಒತ್ತಿದರೆ ಟಕ್ ಅಂದಿತು. ಇನ್ನೊಮ್ಮೆ ಒತ್ತಿದರೆ ಅದೂ ಇಲ್ಲ.

"ಬ್ಯಾಟ್ರಿ ಕುಂತಾದ. ಧಕ್ಕಾ ಹೊಡಿರಿ!" ಮಾವನ ಮುಖದಲ್ಲಿ ಎರಡು ವರ್ಷದಲ್ಲಿ ಕಾಣದ ಕಳೆ. ಕಾಕಾ, ಮೂವರು ಅಳಿಯಂದಿರು, ಪಕ್ಕದ ಹೊಲದವರು, ಒಟ್ಟು ಎಂಟು ಜನ ಪಂಚೆ ಎತ್ತಿ ಕಟ್ಟಿ ಹಿಂದೆ ನಿಂತರು. ಗಾಡಿ ಇಂಚೂ ಅಲ್ಲಾಡಲಿಲ್ಲ.

"ಎರಡನೇ ಗೇರಿಗಿ ಹಾಕಿ ಕ್ಲಚ್ ಬಿಡೋ!"

"ಮಾವಾ, ಕ್ಲಚ್ ಇಲ್ರಿ ಇದಕ್ಕ."

"ಇಲ್ಲಂದ್ರ? ಎಲ್ಲಿಗಿ ಹೋಯ್ತು?"

"ಒಳಗ ಅದಾರಿ. ಕಾಲಿಗಿಲ್ಲ."

"ಕಾಲಿಗಿಲ್ಲದ ಕ್ಲಚ್ ಮತ್ತ ಯಾರ ಕೈಯಾಗದಾ?"

"ಬ್ಯಾಟ್ರಿ ಕೈಯಾಗ್ರಿ."

"ಬ್ಯಾಟ್ರಿ?"

"ಸತ್ತದಲ್ರಿ."

ಮಾವ ಎಂಟೂ ಜನರ ಮುಖವನ್ನು ಒಂದೊಂದಾಗಿ ನೋಡಿದರು. ನಿಜ ಹೇಳಬೇಕೆಂದರೆ ಇನ್ನೊಂದು ವಿಷಯ ನಾನು ಬಾಯಿಬಿಟ್ಟಿರಲಿಲ್ಲ. ಈ ಗಾಡಿಗೆ ಪಾರ್ಕಿಂಗ್ ಗೇರಿಲ್ಲ, ಗೇರಿನಲ್ಲೇ ಇಟ್ಟು ಬಂದ್ ಮಾಡಬೇಕು. ಹಾಗೇ ಮಾಡಿದ್ದೆ. ಬ್ಯಾಟರಿ ಸತ್ತ ಮೇಲೆ ನ್ಯೂಟ್ರಲ್ಲಿಗೆ ತರುವ ದಾರಿಯೂ ಇಲ್ಲ. ಅಷ್ಟೂ ಜನ ಹೋಳಿಗೆ ಉಂಡ ಹೊಟ್ಟೆಯಲ್ಲಿ ತಳ್ಳುತ್ತಿದ್ದದ್ದು ಮೊದಲ ಗೇರು ಕಚ್ಚಿಕೊಂಡು ನಿಂತ ಗಾಡಿಯನ್ನು. ಕಾಕಾಗೆ ಇದು ಗೊತ್ತಾದದ್ದು ನಿನ್ನೆ. ಮಾತು ಬಿಟ್ಟಿದ್ದಾರೆ.

ಕೊನೆಗೆ ಯಾರದೋ ಟ್ರ್ಯಾಕ್ಟರ್ ತಂದು, ವೈರು ಕಟ್ಟಿ, ಅದರ ಬ್ಯಾಟರಿಯಿಂದ ಜೀವ ಕೊಟ್ಟರು. ಸ್ಟಾರ್ಟ್ ಆದದ್ದೇ ತಡ, ಮಾವ ಡ್ರೈವರ್ ಸೀಟಿಗೆ ಹತ್ತಿದರು. "ಬ್ಯಾಟ್ರಿ ತುಂಬಬೇಕಂದ್ರ ಓಡಿಸಬೇಕು. ಕೂಡು ನೀ." ಬೇಡ ಅನ್ನಲು ಬಾಯಿ ಬರಲಿಲ್ಲ. ಎಡಗಾಲು ಸುಮ್ಮನಿಡಿ ಅಂತ ಮೂರು ಸಲ ಹೇಳಿದೆ. ಮೂರು ಸಲವೂ ಹೂಂ ಅಂದರು.

ಬಂಡಿ ದಾರಿ ಬಿಟ್ಟು ಡಾಂಬರು ಹತ್ತಿತು. ಗಾಡಿ ನಲವತ್ತರ ವೇಗ ಮುಟ್ಟಿತು. ಮೂವತ್ತೆರಡು ವರ್ಷದ ಅಭ್ಯಾಸ ಎದ್ದು ಕೂತಿತು. ಗೇರು ಬದಲಿಸಲು ಎಡಗಾಲು ಹೋಗಿ, ಬಸ್ಸಿನ ಕ್ಲಚ್ ಒತ್ತುವ ಬಲದಲ್ಲಿ, ಅಲ್ಲಿದ್ದ ಒಂದೇ ಅಗಲವಾದ ಪೆಡಲನ್ನು ತಳ ಮುಟ್ಟಿಸಿತು. ಆಟೊಮ್ಯಾಟಿಕ್ಕಿನಲ್ಲಿ ಅದರ ಹೆಸರು ಬ್ರೇಕು.

ಅತ್ತಿಯ ತೊಡೆಯ ಮೇಲೆ ಉಳಿದಿದ್ದ ಅರ್ಧ ಮಡಕೆ ಅಂಬಲಿ ನಮ್ಮಿಬ್ಬರ ನಡುವೆ ಹಾದು, ಡ್ಯಾಶ್‌ಬೋರ್ಡ್, ಏಸಿಯ ಬಾಯಿ, ಗೇರಿನ ಬುಡ, ಎಲ್ಲೆಲ್ಲಿ ಸಂದಿ ಉಂಟೋ ಅಲ್ಲೆಲ್ಲ ಇಳಿಯಿತು. ಯಾರೂ ಮಾತಾಡಲಿಲ್ಲ. ಮಾವನ ಮೀಸೆಯಿಂದ ಒಂದು ಹನಿ ಸ್ಟೇರಿಂಗ್ ಮೇಲೆ ಬಿತ್ತು. ಅವರು ಕಿವಿಗೊಟ್ಟು ಕೇಳಿದರು. ಇಂಜಿನ್ ಇನ್ನೂ ಗುಂಯ್‌ಗುಡುತ್ತಿತ್ತು.

"ಬಂದ್ ಬಿದ್ದಿಲ್ಲ ನೋಡು! ಕ್ಲಚ್ ಗಾಡಿ ಇದ್ರ ಇಷ್ಟೊತ್ತಿಗಿ ಬಂದ್ ಬೀಳ್ತಿತ್ತು."

ಎರಡು ವರ್ಷದಲ್ಲಿ ನನ್ನ ಗಾಡಿಗೆ ಸಿಕ್ಕ ಮೊದಲ ಹೊಗಳಿಕೆ.

ತೊಳೆಯುವ ಹುಡುಗ ಮೊದಲು ಕೇಳಿದ್ದು, "ಅಂಬಲಿಗಿ ಉಪ್ಪು ಹಾಕಿದ್ರೇನ್ರಿ? ಜಂಗ್ ಹಿಡೀತಾದ." ಮಾಂಟ್ರಿಯಲ್ಲಿನ ತಮ್ಮನಿಗೆ ಹೇಳಿದರೆ ಹದಿನೈದು ನಿಮಿಷ ನಕ್ಕ.

ನಿನ್ನೆ ಮಾವನನ್ನು ಮಂಡಿ ತೋರಿಸಲು ದವಾಖಾನೆಗೆ ಕರಕೊಂಡು ಹೋದೆ. ಎಡ ಮಂಡಿ. ಚಳಿ ಬಿದ್ದರೆ ರಾತ್ರಿ ನಿದ್ದೆ ಇಲ್ಲ, ಅತ್ತಿ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾರೆ. ಹಳೆಯ ಬಸ್ಸುಗಳ ಕ್ಲಚ್ ಒತ್ತಬೇಕೆಂದರೆ ಸೀಟಿನಿಂದ ಅರ್ಧ ಏಳಬೇಕಿತ್ತಂತೆ, ಕೈ ತೋರಿಸಿದಲ್ಲೆಲ್ಲ ನಿಲ್ಲುವ ಗಾಡಿ ಬೇರೆ. ಡಾಕ್ಟರು ಎಕ್ಸ್‌ರೇ ನೋಡುತ್ತ, ಏನು ಕೆಲಸ ಮಾಡ್ತಿದ್ರಿ ಅಂತ ಕೇಳಿದಾಗ ಮಾವ "ಡ್ರೈವರ್ರಿ" ಅಂದ ದನಿಯಲ್ಲಿ ನೋವೇನೂ ಇರಲಿಲ್ಲ, ಸೆಟೆದೇ ಕೂತಿದ್ದರು.

ವಾಪಸು ಬರುವಾಗ ಎಡಗಾಲನ್ನು ಮೆಲ್ಲಗೆ ಎತ್ತಿ ಸೀಟಿನ ಮೇಲೆ ಮಡಚಿಕೊಂಡರು. ಚೌಬಾರದ ಹತ್ತಿರ ಒಂದು ಆಟೊ ಅಡ್ಡ ಬಂತು. ನಾನು ಬ್ರೇಕು ಹಾಕಿದೆ. ಕಾಲು ಮಡಚಿದ ಕಡೆಯೇ ಒಮ್ಮೆ ಅದುರಿ ಸುಮ್ಮನಾಯಿತು.

ಗ್ಲಾಸು ಇಳಿಯಿತು. ಗೇರಿಗೋ, ಅಂಬಲಿಗೋ, ನಾನು ಕೇಳಲಿಲ್ಲ.