ಒಂದೇ ಮುಖದ ಮೂವರು ದೊರೆಗಳು

ಇಂಗ್ಲೆಂಡಿನ ಹೊಲಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಅಲೆಯುವವರಿಗೆ ಉತ್ತ ಮಣ್ಣಿನಿಂದ ತೆಳ್ಳನೆಯ ಹಳೆ ಬೆಳ್ಳಿ ನಾಣ್ಯ ಇಣುಕಿದರೆ ಹಬ್ಬ. ತಕ್ಷಣ ಹೆಬ್ಬೆರಳು ತಿಕ್ಕಲು ಹೊರಡುತ್ತದೆ. ಬೇಡ! ಮಣ್ಣಿನೊಳಗಿನ ಮರಳು ಬೆಳ್ಳಿಯ ಮೇಲೆ ಗೀರು ಎಳೆಯುತ್ತದೆ, ಗೀರು ಬಿದ್ದರೆ ಬೆಲೆಯೂ ಬಿತ್ತು. ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಹಾಕಿ, ಮಣ್ಣು ತಾನಾಗಿ ಬಿಟ್ಟ ಮೇಲೆ ಮೆತ್ತನೆ ಬಟ್ಟೆಯ ಮೇಲೆ ಆರಲು ಬಿಟ್ಟರೆ ಸಾಕು. ವಿಭೂತಿ ಹಚ್ಚಿ ಬೆಳ್ಳಿ ದೀಪ ಬೆಳಗಿ ರೂಢಿಯಾದ ಕೈಗೆ ಇದು ಕಷ್ಟವೇ.

ಹೆಚ್ಚಾಗಿ ಸಿಗುವುದು ಎಡ್ವರ್ಡ್ ಪೆನ್ನಿ. ಕಿರೀಟ, ಎರಡೂ ಕಡೆ ಗುಂಗುರು ಕೂದಲು, ನೆಟ್ಟ ನೋಟ. 1279ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ತಂದ ಈ ಮುಖವೇ ಮಗನಿಗೂ, ಮೊಮ್ಮಗನ ಮೊದಲ ವರ್ಷಗಳಿಗೂ ಸಾಕಾಯಿತು. ಮೂವರೂ ಎಡ್ವರ್ಡ್‌ಗಳೇ, ಎಷ್ಟನೆಯವರೆಂದು ನಾಣ್ಯ ಹೇಳುವುದಿಲ್ಲ. ಹಾಗಾಗಿ ಬಲ್ಲವರು ಮುಖ ಬಿಟ್ಟು ಕಿರೀಟದ ಎಸಳು, ಅಕ್ಷರಗಳ ವಿನ್ಯಾಸ, ಹೆಸರನ್ನು ಎಲ್ಲಿಗೆ ಮೊಟಕು ಮಾಡಿದ್ದಾರೆ ಎಂಬುದನ್ನು ಭೂತಗನ್ನಡಿಯಲ್ಲಿ ಹುಡುಕುತ್ತಾರೆ.

ಹಿಂಬದಿಯೇ ಹೆಚ್ಚು ಮಾತಾಡುತ್ತದೆ. ಉದ್ದ ಶಿಲುಬೆ, ನಾಲ್ಕು ಮೂಲೆಗೂ ಮೂರು ಮೂರು ಚುಕ್ಕಿ, ಸುತ್ತ ಟಂಕಸಾಲೆಯ ಊರು: ‘ಸಿವಿ–ಟಾಸ್–ಲಾನ್–ಡಾನ್’, ಅಂದರೆ ಲ್ಯಾಟಿನ್‌ನಲ್ಲಿ ಲಂಡನ್ ನಗರ. ಲಂಡನ್, ಕ್ಯಾಂಟರ್‌ಬರಿಯವು ಬೇಕಾದಷ್ಟಿವೆ. ರೆಡಿಂಗ್, ಎಕ್ಸೆಟರ್ ಎಂದು ಓದಿದರೆ ಕಿವಿ ನಿಮಿರಬೇಕು. ಶಿಲುಬೆಯ ಕೈ ಅಂಚಿನವರೆಗೆ ಚಾಚಿದ್ದು 1247ರಲ್ಲಿ, ಮೂರನೇ ಹೆನ್ರಿಯ ಕಾಲಕ್ಕೆ. ಅಂಚು ಕತ್ತರಿಸಿ ಬೆಳ್ಳಿ ಕದಿಯುವವರ ಕಾಟಕ್ಕೆ ಅದು ಮದ್ದು: ಶಿಲುಬೆಯ ತುದಿ ಕಾಣದಿದ್ದರೆ ಕತ್ತರಿ ಆಡಿದೆ ಎಂದರ್ಥ.

ಅನುಮಾನವಿದ್ದರೆ ತೂಗಿ ನೋಡಿ. 1279ರ ಪೆನ್ನಿ ಸುಮಾರು 1.4 ಗ್ರಾಂ. ಆದರೆ ತಕ್ಕಡಿಯನ್ನೇ ನಂಬಿ ಕೂರಬಾರದು. 1351ರಿಂದ ಪೆನ್ನಿಯ ತೂಕವನ್ನೇ 1.17 ಗ್ರಾಂಗೆ ಇಳಿಸಿದರು, 1412ರಲ್ಲಿ ಒಂದು ಗ್ರಾಂಗೂ ಕೆಳಗೆ. ಮೊದಲು ಕಾಲ ಗುರುತಿಸಿ, ಆಮೇಲೆ ಕಳ್ಳನನ್ನು ಹುಡುಕಿ.

ಕಿರೀಟದ ಬದಲು ತಲೆಗೆ ಗುಲಾಬಿ ಮಾಲೆ ಕಂಡರೆ ಅದು ಇಂಗ್ಲಿಷ್ ನಾಣ್ಯವೇ ಅಲ್ಲ. ಕಡಲಾಚೆಯ ಪ್ರಭುಗಳು ಹೊಡೆಸಿದ ನಕಲು, ಹೆಸರು ಕ್ರೊಕಾರ್ಡ್. 1300ರಲ್ಲಿ ಒಂದನೇ ಎಡ್ವರ್ಡ್ ಅದರ ಚಲಾವಣೆಯನ್ನೇ ರದ್ದುಮಾಡಿದ. ಈಗ ಎಷ್ಟೋ ಸಲ ಅಸಲಿಗಿಂತ ಅದಕ್ಕೇ ಗಿರಾಕಿ ಹೆಚ್ಚು.

ಸಾಧಾರಣ ಲಂಡನ್ ಪೆನ್ನಿಗೆ ಇಪ್ಪತ್ತು–ನಲವತ್ತು ಪೌಂಡ್ ಬಂದರೆ ದೊಡ್ಡದು. ಬಾಗಿದ್ದರೆ, ಸೀಳಿದ್ದರೆ ಇನ್ನೂ ಕಡಿಮೆ. ಒಂಟಿ ನಾಣ್ಯ ಸಾಮಾನ್ಯವಾಗಿ ನಿಧಿಯ ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದಲ್ಲೇ ಇನ್ನೊಂದು ಸಿಕ್ಕಿತೋ, 1996ರ ನಿಧಿ ಕಾಯಿದೆಯಂತೆ ಹದಿನಾಲ್ಕು ದಿನದೊಳಗೆ ಕೊರೋನರ್‌ಗೆ, ಅಂದರೆ ನಿಧಿಯ ವಿಚಾರಣೆ ನಡೆಸುವ ಸ್ಥಳೀಯ ಅಧಿಕಾರಿಗೆ, ತಿಳಿಸಬೇಕು.