ಗಡಿ ಯುದ್ಧವನ್ನು ಬೇಸಿಗೆಗೆ ಇಡಿ

1933ರಲ್ಲಿ ಬಂದ ‘ಡಕ್ ಸೂಪ್’ ಎಂಬ ಕಪ್ಪು-ಬಿಳುಪು ಸಿನಿಮಾ ಅಮೆರಿಕದ್ದು ಅಂತ ಎಲ್ಲರೂ ಹೇಳುತ್ತಾರೆ. ಕರ್ನಾಟಕ-ಮಹಾರಾಷ್ಟ್ರ ಗಡಿಯ ನಮ್ಮ ಜತ್ತ ತಾಲ್ಲೂಕಿನವರು ಒಮ್ಮೆ ನೋಡಿದರೆ ಖಂಡಿತ ಒಪ್ಪುವುದಿಲ್ಲ. ಕಥೆ ನಮ್ಮ ಕಡೆಯದ್ದೇ. ಹಾಲಿವುಡ್‌ನವರು ಪಾತ್ರಗಳಿಗೆ ಕೋಟು ಹಾಕಿಸಿ ಇಂಗ್ಲಿಷ್ ಕಲಿಸಿದ್ದಾರೆ, ಅಷ್ಟೇ.

ಫ್ರೀಡೋನಿಯಾ ಅಂತ ಒಂದು ದೇಶ. ಬೊಕ್ಕಸ ಖಾಲಿ. ಟೀಸ್‌ಡೇಲ್ ಎಂಬ ಸಿರಿವಂತ ವಿಧವೆ ಸಾಲ ಕೊಡಲು ತಯಾರು, ಆದರೆ ತಾನು ಹೇಳಿದವನೇ ಆಳಬೇಕು ಎಂದು ಷರತ್ತು. ಹಾಗೆ ಗಾದಿಗೆ ಬರುವವನು ರೂಫಸ್ ಫೈರ್‌ಫ್ಲೈ. ಗ್ರೌಚೊ ಮಾರ್ಕ್ಸ್ ಮಾಡಿದ ಪಾತ್ರ. ಬಣ್ಣದಿಂದ ಬರೆದ ಮೀಸೆ, ಕೈಯಲ್ಲಿ ಸಿಗಾರ್, ಬಾಯಿಗೆ ಲಗಾಮಿಲ್ಲ. ಪಕ್ಕದ ಸಿಲ್ವೇನಿಯಾಕ್ಕೆ ಫ್ರೀಡೋನಿಯಾದ ಮೇಲೆ ಕಣ್ಣು.

ಸಿನಿಮಾದ ಜೀವ ಒಂದು ರಾಜಿ ಪಂಚಾಯ್ತಿಯಲ್ಲಿದೆ. ಯುದ್ಧ ಬೇಡ, ಸಿಲ್ವೇನಿಯಾದ ರಾಯಭಾರಿಯನ್ನು ಕರೆಸಿದ್ದೇನೆ, ಕೈ ಕುಲುಕಿ ಮುಗಿಸಿಬಿಡಿ ಅನ್ನುತ್ತಾಳೆ ವಿಧವೆ. ಆಗಲಿ, ಅದಕ್ಕೇನು ಅನ್ನುತ್ತಾನೆ ಫೈರ್‌ಫ್ಲೈ. ಆಮೇಲೆ ಯೋಚನೆ ಶುರುವಾಗುತ್ತದೆ. ನಾನು ಕೈ ಚಾಚಿದಾಗ ಆತ ಕೈ ಕೊಡದಿದ್ದರೆ? ಎಲ್ಲರ ಮುಂದೆ ನನ್ನ ಮಾನ ಏನಾಗಬೇಕು? ಎಷ್ಟು ಸೊಕ್ಕು ಅವನಿಗೆ! ರಾಯಭಾರಿ ನಗುನಗುತ್ತಾ ಒಳಗೆ ಬರುವಷ್ಟರಲ್ಲಿ ಈತ ಕುದಿಯುತ್ತಿರುತ್ತಾನೆ. ಕಪಾಳಕ್ಕೆ ಒಂದು ಬಿಗಿಯುತ್ತಾನೆ. ಆಗದೇ ಇರುವ ಅವಮಾನಕ್ಕೆ ಯುದ್ಧ ಘೋಷಣೆ.

ಈಗ ನಮ್ಮದಕ್ಕೆ ಬನ್ನಿ. ಜತ್ತ ಇರುವುದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ನಲ್ಲಿಯಲ್ಲಿ ಗಾಳಿ. 2012ರಲ್ಲಿ ಇಲ್ಲಿನ ನಲವತ್ತರಷ್ಟು ಹಳ್ಳಿಗಳು ನೀರು ಕೊಡಿ, ಇಲ್ಲದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದು ಠರಾವು ಮಾಡಿದವು. ಹತ್ತು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. 2022ರ ನವೆಂಬರ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅದರ ಧೂಳು ಕೊಡವಿ ಎತ್ತಿ ಹಿಡಿದರು. ಒಂದು ಊರನ್ನೂ ಬಿಡುವುದಿಲ್ಲ ಎಂದು ಮಹಾರಾಷ್ಟ್ರದ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಗುಡುಗಿದರು. ಇಬ್ಬರದೂ ಒಂದೇ ಪಕ್ಷ. ಫೋನ್ ನಂಬರ್ ಇರಲಿಲ್ಲವೇ ಅಂತ ಕೇಳಬೇಡಿ. ಫೋನ್‌ನಲ್ಲಿ ಮುಗಿಯುವ ಜಗಳಕ್ಕೆ ಮೈಕ್ ಯಾಕೆ ಬೇಕು, ಅಲ್ವಾ?

ಆಮೇಲೆ ನಡೆದದ್ದು ಕನ್ನಡಿ ದೃಶ್ಯ. ಸಿನಿಮಾದಲ್ಲಿ ಫೈರ್‌ಫ್ಲೈ ವೇಷ ಹಾಕಿಕೊಂಡ ಗೂಢಚಾರ ದೊಡ್ಡ ಕನ್ನಡಿಯೊಂದನ್ನು ಒಡೆದುಬಿಡುತ್ತಾನೆ. ಸಿಕ್ಕಿಬೀಳಬಾರದೆಂದು ತಾನೇ ಪ್ರತಿಬಿಂಬವಾಗಿ ನಿಲ್ಲುತ್ತಾನೆ. ಇವನು ಬಗ್ಗಿದರೆ ಅವನೂ ಬಗ್ಗುತ್ತಾನೆ, ಇವನು ಕುಣಿದರೆ ಅವನೂ ಕುಣಿಯುತ್ತಾನೆ. ಒಂದು ಮಾತಿಲ್ಲ. ತೊಂಬತ್ತು ವರ್ಷ ಕಳೆದರೂ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ನಮ್ಮಲ್ಲಿ 2022ರ ಡಿಸೆಂಬರ್ 22ಕ್ಕೆ ಬೆಳಗಾವಿಯಲ್ಲಿ ಕೂತ ಕರ್ನಾಟಕ ವಿಧಾನಸಭೆ ಒಂದಿಂಚೂ ಕೊಡುವುದಿಲ್ಲ ಎಂದು ಒಮ್ಮತದ ನಿರ್ಣಯ ಮಾಡಿತು. ಡಿಸೆಂಬರ್ 27ಕ್ಕೆ ನಾಗಪುರದಲ್ಲಿ ಕೂತ ಮಹಾರಾಷ್ಟ್ರ ವಿಧಾನಸಭೆ ಕರ್ನಾಟಕದಲ್ಲಿರುವ 865 ಊರು ನಮ್ಮವೇ ಎಂದು ಒಮ್ಮತದ ನಿರ್ಣಯ ಮಾಡಿತು. ಬೇರೆ ಯಾವ ವಿಷಯಕ್ಕೂ ಒಂದಾಗದ ಆಡಳಿತ ಪಕ್ಷ, ವಿರೋಧ ಪಕ್ಷ ಎರಡೂ ಕಡೆ ತಬ್ಬಿಕೊಂಡವು. ಅದಕ್ಕೂ ಮೊದಲು ದೆಹಲಿಯಲ್ಲಿ ಅಮಿತ್ ಶಾ ಇಬ್ಬರೂ ಮುಖ್ಯಮಂತ್ರಿಗಳನ್ನು ಕೂರಿಸಿಕೊಂಡು ಇತ್ತ ಮೂರು ಮಂತ್ರಿ, ಅತ್ತ ಮೂರು ಮಂತ್ರಿಗಳ ಸಮಿತಿ ಮಾಡಿಸಿದ್ದರು. ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳು ಜಗಳ ಹಚ್ಚಿವೆ ಎಂದೂ ಹೇಳಿದ್ದರು. ಯಾರೋ ವೇಷ ಹಾಕಿಕೊಂಡು ಬರೆದ ಮಾತಿಗೆ ಲಾರಿಗಳ ಗಾಜು ಒಡೆದವು ಎಂದಾಯಿತು.

ಗಾಜು ಯಾರದು ಎಂಬುದು ಸ್ವಾರಸ್ಯದ ವಿಷಯ. ಆ ಡಿಸೆಂಬರ್‌ನಲ್ಲಿ ಬೆಳಗಾವಿ ಹತ್ತಿರ ಹಿರೇಬಾಗೇವಾಡಿ ಟೋಲ್‌ನಲ್ಲಿ ‘ಎಂಎಚ್’ ನಂಬರಿನ ಲಾರಿಗಳಿಗೆ ಕಲ್ಲು ಬಿತ್ತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಜತ್ತದ ಕನ್ನಡಿಗ ದಾಳಿಂಬೆ ತುಂಬಿಕೊಂಡು ಹೊರಟರೆ ಅವನ ಲಾರಿಯ ನಂಬರೂ ಎಂಎಚ್-10. ಕಲ್ಲಿಗೆ ಕನ್ನಡ ಓದಲು ಬರುವುದಿಲ್ಲ. ಸಿನಿಮಾದಲ್ಲೂ ಫೈರ್‌ಫ್ಲೈ ಮೆಷಿನ್‌ಗನ್ ಹಿಡಿದು ಖುಷಿಯಿಂದ ಹೊಡೆಯುತ್ತಿರುವಾಗ ಪಕ್ಕದವನು, ಸ್ವಾಮಿ, ನೀವು ಹೊಡೆಯುತ್ತಿರುವುದು ನಮ್ಮವರಿಗೇ ಅನ್ನುತ್ತಾನೆ. ಯಾರಿಗೂ ಹೇಳಬೇಡ ಅಂತ ಐದು ಡಾಲರ್ ಕೊಡಲು ಹೋಗುತ್ತಾನೆ ಈತ. ನಮಗೆ ಆ ಐದು ಡಾಲರೂ ಬರಲಿಲ್ಲ.

2025ರ ಫೆಬ್ರವರಿಯಲ್ಲಿ ಮರಾಠಿ ಮಾತಾಡಲಿಲ್ಲ ಅಂತ ಬೆಳಗಾವಿ ಹತ್ತಿರ ಒಬ್ಬ ಕಂಡಕ್ಟರ್‌ಗೆ ಹೊಡೆದರು. ಚಿತ್ರದುರ್ಗದ ಹತ್ತಿರ ಮಹಾರಾಷ್ಟ್ರದ ಡ್ರೈವರ್‌ಗೆ ಮಸಿ ಬಳಿದರು. ಬಸ್ಸುಗಳು ನಿಂತವು. ಇಂಥ ದಿನಗಳಲ್ಲಿ ಗಡಿಯಲ್ಲಿ ನಡೆಯುವ ನಾಟಕ ನೋಡಬೇಕು. ಮಗಳ ಮನೆಗೆ ಹೊರಟ ಮುದುಕಿಯೊಬ್ಬಳು ಸಜ್ಜೆ ರೊಟ್ಟಿಯ ಗಂಟು ಹಿಡಿದು ಬಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದಾಳೆ.

“ಇಳೀ ಯವ್ವಾ, ಗಾಡಿ ಮುಂದ ಹೋಗಂಗಿಲ್ಲ.”

“ಯಾಕೋ ತಮ್ಮಾ, ಮುಂದ ಯುದ್ಧ ನಡದೈತೇನು?”

“ಗಡಿ ಐತಿ ಯವ್ವಾ. ಅಲ್ಲಿ ನಿಂತದ್ದು ಅವರ ಗಾಡಿ. ನಡಕೊಂಡು ಹೋಗಿ ಹತ್ತು.”

“ಗಡಿ ಎಲ್ಲೈತಿ? ನನಗ ಬರೇ ಹೊಲಾನ ಕಾಣಾಕತ್ತೈತಿ.”

ಅತ್ತ ಎರಡು ಸರ್ಕಾರಗಳ ಇಬ್ಬರು ಡ್ರೈವರ್‌ಗಳು ಒಂದೇ ಬೇವಿನ ಮರದ ಕೆಳಗೆ ನಿಂತಿದ್ದಾರೆ. ಒಬ್ಬನ ತಂಬಾಕು, ಇನ್ನೊಬ್ಬನ ಸುಣ್ಣ. ಮಾತು ಕನ್ನಡ. ಇಬ್ಬರ ಬಸ್ಸೂ ಪೊಲೀಸ್ ಕಾವಲಿನಲ್ಲಿ.

ಹಳೇ ಕಥೆ ಬೇಕೆಂದರೆ ಅದೂ ಇದೆ. ಗಡಿ ಜಗಳ ತೀರಿಸಲೆಂದು ಮಹಾರಾಷ್ಟ್ರ ಹಟ ಹಿಡಿದು 1966ರಲ್ಲಿ ಮೆಹರ್‌ಚಂದ್ ಮಹಾಜನ್ ಆಯೋಗ ಮಾಡಿಸಿತು. 1967ರಲ್ಲಿ ವರದಿ ಬಂತು. ಬೆಳಗಾವಿ ಇದ್ದಲ್ಲೇ ಇರಲಿ, 264 ಊರು ಮಹಾರಾಷ್ಟ್ರಕ್ಕೆ, 247 ಊರು ಕರ್ನಾಟಕಕ್ಕೆ. ಕೇಳಿದವರೇ ಬೇಡ ಎಂದರು. ಇನ್ನೊಂದು ಕಡೆಯವರು ಅದೇ ಅಂತಿಮ ಎಂದರು. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಇನ್ನೂ ಅಲ್ಲೇ ಇದೆ.

ಇನ್ನು ಯುದ್ಧ ತಪ್ಪಿಸಲು ಏನು ಬೇಕಾದರೂ ಮಾಡುತ್ತೇನೆ ಎಂದು ರಾಯಭಾರಿ ಹೇಳಿದಾಗ ಫೈರ್‌ಫ್ಲೈ ಕೊಡುವ ಕಾರಣ ನೋಡಿ: ರಣರಂಗಕ್ಕೆ ಒಂದು ತಿಂಗಳ ಬಾಡಿಗೆ ಕಟ್ಟಿ ಆಗಿದೆ! ಕರ್ನಾಟಕದವರು ಇನ್ನೂ ಜಾಣರು. ಬಾಡಿಗೆಯ ಗೋಜೇ ಬೇಡವೆಂದು ಸುವರ್ಣ ವಿಧಾನಸೌಧವನ್ನೇ ಕಟ್ಟಿಸಿ 2012ರಲ್ಲಿ ಉದ್ಘಾಟನೆ ಮಾಡಿದರು. ವರ್ಷಕ್ಕೆ ಕೆಲವು ದಿನ ಅಧಿವೇಶನ, ಮಿಕ್ಕ ದಿನ ಕಾವಲು. ವೇಷದ ವಿಷಯದಲ್ಲೂ ನಾವೇ ಮುಂದು. ಫೈರ್‌ಫ್ಲೈ ಯುದ್ಧದ ನಡುವೆ ಒಂದೊಂದು ಶಾಟ್‌ಗೆ ಒಂದೊಂದು ಸಮವಸ್ತ್ರ ಬದಲಿಸುತ್ತಾನೆ. ಅಮೆರಿಕದ ಅಂತರ್ಯುದ್ಧದ ಎರಡೂ ಪಕ್ಷದವು ಅದರಲ್ಲಿವೆ. ನಮ್ಮವರು ಬೆಳಗಾವಿಗೆ ಹಳದಿ-ಕೆಂಪು ಶಾಲು, ಕೊಲ್ಲಾಪುರಕ್ಕೆ ಕೇಸರಿ ಪೇಟ, ದೆಹಲಿಗೆ ಹೋದರೆ ಇಬ್ಬರೂ ಒಂದೇ ನಮೂನೆಯ ಜಾಕೆಟ್.

ಈ ಸಿನಿಮಾ ಇಷ್ಟವಾಗುವುದು ಇನ್ನೊಂದು ಕಾರಣಕ್ಕೆ. ಇದು ಬುದ್ಧಿ ಹೇಳುವುದಿಲ್ಲ. ಚಾಪ್ಲಿನ್‌ನಂಥ ಚಾಪ್ಲಿನ್ ಕೂಡ 1940ರ ‘ದಿ ಗ್ರೇಟ್ ಡಿಕ್ಟೇಟರ್’ ಕೊನೆಯಲ್ಲಿ ಭಾಷಣಕ್ಕೆ ನಿಂತ. ಗ್ರೌಚೊ ಸೇರಿ ಇದರಲ್ಲಿ ನಟಿಸಿದ ನಾಲ್ವರು ಮಾರ್ಕ್ಸ್ ಸಹೋದರರು ನಿಲ್ಲಲಿಲ್ಲ. ಗೆದ್ದ ಖುಷಿಗೆ ವಿಧವೆ ರಾಷ್ಟ್ರಗೀತೆ ಶುರು ಮಾಡಿದರೆ, ನಾಲ್ವರೂ ಅವಳ ಮೇಲೆ ಹಣ್ಣು ಎಸೆಯುತ್ತಾರೆ. ಸಿನಿಮಾ ಮುಗಿಯಿತು. ಗಡಿ ಭಾಗದಲ್ಲಿ ಇಷ್ಟು ವರ್ಷ ಭಾಷಣ ಕೇಳಿದವನಿಗೆ ಆ ಹಣ್ಣಿನ ಬೆಲೆ ಗೊತ್ತು.

ಇಷ್ಟೆಲ್ಲ ಓದಿ, ಇವನು ಜಗಳ ನಿಲ್ಲಿಸಿ ಅನ್ನುತ್ತಾನೆ ಅಂದುಕೊಂಡಿರಾ? ಛೆ, ನಿಲ್ಲಿಸಬೇಡಿ! 2012ರ ಬೇಡಿಕೆಗೆ ಹತ್ತು ವರ್ಷ ಮಿಸುಕದವರು 2022ರ ಜಗಳದ ಒಂದೆರಡು ವಾರದಲ್ಲಿ ಓಡೋಡಿ ಬಂದರು. ಕರ್ನಾಟಕ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ನಮ್ಮ ತಾಲ್ಲೂಕಿನ ಕಡೆ ನೀರೇ ಬಿಟ್ಟಿತು. ಮಹಾರಾಷ್ಟ್ರ ತನ್ನ ಮ್ಹೈಸಾಳ ನೀರಾವರಿ ಯೋಜನೆಯ ವಿಸ್ತರಣೆಯನ್ನು ಬೇಗ ಮುಗಿಸುತ್ತೇವೆ ಎಂದಿತು. ಕನ್ನಡ ಶಾಲೆಗಳಿಗೆ ಅನುದಾನದ ಮಾತೂ ಬಂತು. ಪ್ರೀತಿಯಿಂದ ಸಿಗದ ನೀರು ಹಟದಿಂದ ಸಿಗುವುದಾದರೆ ನಮಗೇನು ಕಷ್ಟ?

ತಕರಾರು ಒಂದೇ, ಹಂಗಾಮಿನದ್ದು. ಬೆಳಗಾವಿ ಅಧಿವೇಶನ, ನಾಗಪುರ ಅಧಿವೇಶನ ಎರಡೂ ಡಿಸೆಂಬರ್‌ನಲ್ಲಿ. ಹಾಗಾಗಿ ಯುದ್ಧವೂ ಡಿಸೆಂಬರ್‌ನಲ್ಲಿ. ಆಗ ನಮ್ಮ ಬಾವಿಗಳಲ್ಲಿ ಇನ್ನೂ ಸ್ವಲ್ಪ ನೀರಿರುತ್ತದೆ. ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡುವುದು ಏಪ್ರಿಲ್‌ನಲ್ಲಿ. ದಯವಿಟ್ಟು ಎರಡೂ ಸರ್ಕಾರದವರು ಅಧಿವೇಶನವನ್ನು ಬೇಸಿಗೆಗೆ ಹಾಕಿಕೊಳ್ಳಿ. ಬಿಸಿಲಿಗೆ ಗುಡುಗಿದರೆ ಕಳೆಯೂ ಜಾಸ್ತಿ. ಹೊಸ ಠರಾವು ಬೇಕಾದರೆ ಬರೆದೇ ಇಟ್ಟಿದ್ದೇವೆ, ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು. ಯಾವ ರಾಜ್ಯಕ್ಕೆ ಹೋಗುತ್ತೇವೆ ಎಂಬ ಜಾಗ ಮಾತ್ರ ಖಾಲಿ ಬಿಟ್ಟಿದ್ದೇವೆ.