20 ವರ್ಷದ ಹುಡುಗಿಗೆ "ಅಮ್ಮನನ್ನು ಕರ್ಕೊಂಡು ಬಾ" ಅನ್ನುವವರಿಗೆ

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಬರೆಯದೆ ಸಮಾಧಾನ ಆಗಲಿಕ್ಕಿಲ್ಲ.

ನಾವು ನಡೆಸುವ ಪಿಜಿಯ (ಪೇಯಿಂಗ್ ಗೆಸ್ಟ್ ವಸತಿ) ಒಬ್ಬಳು ಹುಡುಗಿಯನ್ನು ಇವತ್ತು ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿದ್ದೆ. ಅವಳ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಯಾವ ಕಾಲೇಜು, ಯಾವ ಊರು, ಯಾವ ಆಸ್ಪತ್ರೆ ಅಂತ ಕೇಳಬೇಡಿ. ವಯಸ್ಸು ಮಾತ್ರ ಹೇಳುತ್ತೇನೆ, 20. ಕೆಳಹೊಟ್ಟೆ ನೋವು, ಜೊತೆಗೆ ಬಿಳಿ ಹೋಗುವುದು. ಮೊದಲು ಒಬ್ಬಳೇ ಹೋಗಿದ್ದಳಂತೆ. ಕೌಂಟರಿನಲ್ಲಿ "ಅಮ್ಮ ಬರಲಿಲ್ವಾ? ದೊಡ್ಡವರು ಯಾರಾದ್ರೂ ಇದ್ರೆ ಕರ್ಕೊಂಡು ಬಾ" ಅಂತ ವಾಪಸ್ ಕಳಿಸಿದ್ದಾರೆ. ಅಮ್ಮ ಇರುವುದು ರಾತ್ರಿಯಿಡೀ ಬಸ್ಸಲ್ಲಿ ಬರಬೇಕಾದಷ್ಟು ದೂರದಲ್ಲಿ. ಹುಡುಗಿ ನೋವು ತಡ್ಕೊಂಡು ರೂಮಿನಲ್ಲೇ ಮಲಗಿದ್ದಳು. ಜ್ವರ ಬಂದ ಮೇಲೆ ನನಗೆ ಗೊತ್ತಾಯಿತು.

ಇವತ್ತು ಆ ದೊಡ್ಡವರಾಗಿ ನಾನು ಹೋದೆ. ಹಾಲ್ ತುಂಬ ಜನ. ಬಸುರಿಯರು, ಅವರ ಗಂಡಂದಿರು, ಅತ್ತೆಯಂದಿರು, ಅಳುವ ಮಕ್ಕಳು. ಸಿಸ್ಟರ್ ಬಾಗಿಲು ಅರ್ಧ ತೆಗೆದು ಗಟ್ಟಿಯಾಗಿ ಕೇಳಿದರು: "ಬಿಳಿ ಹೋಗ್ತದೆ ಅಂತ ಬಂದದ್ದು ಯಾರು?" ನಮ್ಮ ಕೈಯಲ್ಲಿ ಟೋಕನ್ ಇತ್ತು. ಚೀಟಿಯಲ್ಲಿ ಹೆಸರಿತ್ತು. ಹುಡುಗಿ ಏಳಲೇ ಇಲ್ಲ. ಶಾಲಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿದುಕೊಂಡು ಬೆರಳು ಬಿಳುಚಿಕೊಂಡಿತ್ತು. ನಾನೇ ಎದ್ದು "ನಾವು" ಅಂದೆ.

ಒಳಗೆ ಡಾಕ್ಟರ್ ಕೇಳಿದ್ದೆಲ್ಲ ನನ್ನನ್ನು. "ಇವಳಿಗೆ ಯಾವಾಗಿನಿಂದ?" "ಡೇಟ್ ಸರಿಯಾಗಿ ಆಗ್ತದಾ ಇವಳಿಗೆ?" ಅವಳು ಎದುರಿಗೇ ಕೂತಿದ್ದಾಳೆ, ಬಾಯಿ ಇದೆ, ಡಿಗ್ರಿ ಓದುತ್ತಿದ್ದಾಳೆ. ಆಮೇಲೆ ಅವಳ ಕಡೆ ತಿರುಗಿ, "ಮದುವೆ ಆಗ್ಲಿಲ್ಲ ಅಲ್ವಾ? ಹಾಗಾದ್ರೆ ಬೇರೆ ಎಂತ ಇಲ್ಲ ಅಲ್ವಾ?" ನನ್ನ ಎದುರು, ಸಿಸ್ಟರ್ ಎದುರು ಹೀಗೆ ಕೇಳಿದರೆ ಯಾವ ಹುಡುಗಿ ಬಾಯಿ ಬಿಡುತ್ತಾಳೆ? ಅವಳು ಸುಮ್ನೆ ತಲೆ ಆಡಿಸಿದಳು. ಡಾಕ್ಟರ್ ಅದನ್ನೇ ಉತ್ತರ ಅಂತ ಬರೆದುಕೊಂಡರು. ನಾವು ಏಳುವಾಗ "ಅಮ್ಮನ ನಂಬರ್ ಕೊಡಿ, ನಾನು ಮಾತಾಡ್ತೇನೆ" ಅಂತ ಬೇರೆ ಹೇಳಿದರು. ಹುಡುಗಿಯ ಮುಖ ನೋಡಬೇಕಿತ್ತು ನೀವು.

ಅಲ್ಲ, 18 ತುಂಬಿದ ಮೇಲೆ ಅಮ್ಮ ಯಾಕೆ ಬೇಕು? ಓಟು ಹಾಕುತ್ತಾಳೆ, ಬ್ಯಾಂಕಿನಲ್ಲಿ ಸಹಿ ಹಾಕುತ್ತಾಳೆ, ಅಷ್ಟು ದೂರದಿಂದ ಒಬ್ಬಳೇ ಬಂದು ಓದುತ್ತಾಳೆ. ತನ್ನ ಹೊಟ್ಟೆನೋವು ಹೇಳಿಕೊಳ್ಳಲು ಮಾತ್ರ ಜೊತೆಗೆ ಒಬ್ಬರು ದೊಡ್ಡವರು ಇರಬೇಕಾ?

ನಮ್ಮ ಊರು ಎಂಥದ್ದು ಅಂತ ಸ್ವಲ್ಪ ಯೋಚಿಸಿ. ಮಂಗಳೂರಿನ ಕದ್ರಿ, ಬಿಜೈ, ಕಂಕನಾಡಿಯ ಗಲ್ಲಿಗಳಲ್ಲಿ ಎಲ್ಲಿ ನೋಡಿದರೂ ಪಿಜಿ ಬೋರ್ಡು. ದೇರಳಕಟ್ಟೆ, ಸುರತ್ಕಲ್, ನಿಟ್ಟೆ, ಮಣಿಪಾಲ ಎಲ್ಲ ಮಕ್ಕಳಿಂದಲೇ ತುಂಬಿವೆ. 1953ರಲ್ಲಿ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಶುರುವಾದಾಗಿನಿಂದ ಹೊರಗಿನ ಮಕ್ಕಳನ್ನು ಕರೆಸಿಕೊಂಡೇ ಬೆಳೆದ ಸೀಮೆ ಇದು. ಈ ಮಕ್ಕಳ ಅಮ್ಮಂದಿರು ಕಣ್ಣೂರಿನಲ್ಲಿ, ವಿಜಯಪುರದಲ್ಲಿ, ಕಲಬುರಗಿಯಲ್ಲಿ ಇದ್ದಾರೆ. ಅವರು ಬರುವವರೆಗೆ ಕಾಯಿಲೆ ಕಾಯುತ್ತದಾ?

ಕಾನೂನು ಏನು ಹೇಳುತ್ತದೆ ಅಂತ ಡಾಕ್ಟರುಗಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಗರ್ಭಪಾತದ ವಿಷಯಕ್ಕೇ ಬನ್ನಿ, ಎಲ್ಲರೂ ಹೆದರುವುದು ಅದಕ್ಕೇ ತಾನೇ. 1971ರ ಕಾಯ್ದೆ ಪ್ರಕಾರ 18 ತುಂಬಿದವಳ ಸ್ವಂತ ಒಪ್ಪಿಗೆ ಸಾಕು. ಗಂಡನ ಸಹಿ ಬೇಡ, ಅಪ್ಪ ಅಮ್ಮನ ಸಹಿ ಬೇಡ. 2021ರ ತಿದ್ದುಪಡಿಯಲ್ಲಿ "ಮದುವೆಯಾದ ಹೆಂಗಸು ಅಥವಾ ಅವಳ ಗಂಡ" ಅಂತ ಇದ್ದದ್ದನ್ನು ತೆಗೆದು "ಹೆಂಗಸು ಅಥವಾ ಅವಳ ಸಂಗಾತಿ" ಅಂತ ಮಾಡಿದರು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್, ಮದುವೆಯಾಗದವರಿಗೂ ಅದೇ ಹಕ್ಕು ಇದೆ, ಕಾನೂನಿನಲ್ಲಿ ಇಲ್ಲದ ಷರತ್ತುಗಳನ್ನು ಡಾಕ್ಟರುಗಳು ಹಾಕಬಾರದು ಅಂತ ಸ್ಪಷ್ಟವಾಗಿ ಹೇಳಿತು. ಅವಳ ವಿಷಯವನ್ನು ಸಂಬಂಧವಿಲ್ಲದವರಿಗೆ ಹೇಳಿದರೆ 1 ವರ್ಷದವರೆಗೆ ಜೈಲು ಕೂಡ ಇದೆ. ಗರ್ಭಪಾತಕ್ಕೇ ಅಮ್ಮ ಬೇಡ ಅಂತಾದರೆ, ಬಿಳಿ ಹೋಗುವುದಕ್ಕೆ, ಮುಟ್ಟು ಏರುಪೇರಾಗುವ ಪಿಸಿಒಡಿಗೆ, ತುರಿಕೆಗೆ ಅಮ್ಮ ಯಾಕೆ?

ಪರಿಚಯದ ಡಾಕ್ಟರ್ ಒಬ್ಬರು ಫೋನಿನಲ್ಲಿ ಹೇಳಿದರು, "ನಿಮಗೆ ಗೊತ್ತಿಲ್ಲ ಅಕ್ಕ, ನಾಳೆ ಮನೆಯವರು ಬಂದು ಗಲಾಟೆ ಮಾಡ್ತಾರೆ, ಪೊಲೀಸ್ ಕೇಸ್ ಆಗ್ತದೆ, ಪೋಕ್ಸೋ ಉಂಟು." ಗಲಾಟೆ ಆಗುವುದು ನಿಜ, ಡಾಕ್ಟರುಗಳ ಮೇಲೆ ಕೈ ಮಾಡುವವರೂ ಇದ್ದಾರೆ, ಅದು ದೊಡ್ಡ ತಪ್ಪು. ಆದರೆ ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ, ಇರುವುದು 18ರ ಒಳಗಿನವರಿಗೆ. ಅಲ್ಲೂ ಅದೇ 2022ರ ತೀರ್ಪಿನಲ್ಲಿ, ಹುಡುಗಿ ಮತ್ತು ಅವಳ ಪೋಷಕರು ಕೇಳಿಕೊಂಡರೆ ಪೊಲೀಸರಿಗೆ ಮಾಹಿತಿ ಕೊಡುವಾಗ ಅವಳ ಹೆಸರು ಹೇಳಬೇಕಾಗಿಲ್ಲ ಅಂತ ಕೋರ್ಟ್ ಹೇಳಿದೆ. ಆಧಾರ್ ಕಾರ್ಡ್ ನೋಡಿ 20 ವರ್ಷ ಅಂತ ಬರೆದುಕೊಂಡ ಮೇಲೆ ಯಾವ ಪೋಕ್ಸೋ? ಇನ್ನು ಹಾಲ್‌ನಲ್ಲಿ ಕೂಗಿ ಕರೆಯುವುದಕ್ಕೂ ಪೊಲೀಸ್ ಹೆದರಿಕೆಗೂ ಏನು ಸಂಬಂಧ? ಈ ಮಾತನ್ನು ನಾನು ಒಪ್ಪುವುದಿಲ್ಲ.

"ಹೆತ್ತವರಿಗೆ ಗೊತ್ತಿರ್ಬೇಕು ಅಲ್ವಾ" ಅನ್ನುವವರೂ ಬರುತ್ತಾರೆ ಕಮೆಂಟಿಗೆ. ನನಗೂ ಮಗಳಿದ್ದಾಳೆ. ಅವಳು ನನಗೆ ಹೇಳಿದರೆ ಸಂತೋಷ. ಹೇಳದಿದ್ದರೂ ಅವಳಿಗೆ ಮದ್ದು ಸಿಗಬೇಕು. ನನಗೆ ಅದು ಮೊದಲು.

ಯಾಕೆಂದರೆ ವಾಪಸ್ ಕಳಿಸಿದ ಹುಡುಗಿ ಎಲ್ಲಿಗೆ ಹೋಗುತ್ತಾಳೆ ಅಂತ ಪಿಜಿ ನಡೆಸುವ ನಮಗೆ ಗೊತ್ತು. ಗೂಗಲ್‌ಗೆ ಹೋಗುತ್ತಾಳೆ, ಗೆಳತಿಯ ಗೆಳತಿಗೆ ಹೋಗುತ್ತಾಳೆ, ಪರಿಚಯದ ಹುಡುಗನ ಮೂಲಕ ಯಾವುದೋ ಮೆಡಿಕಲ್‌ನಿಂದ ಗರ್ಭಪಾತದ ಕಿಟ್ ತರಿಸುತ್ತಾಳೆ. 72 ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಮಾತ್ರೆ ಬೇರೆ, ಅದು ಚೀಟಿ ಇಲ್ಲದೆ ಸಿಗುತ್ತದೆ, ಗರ್ಭ ನಿಲ್ಲದ ಹಾಗೆ ತಡೆಯುತ್ತದೆ. ನಿಂತ ಗರ್ಭ ತೆಗೆಯುವ ಕಿಟ್ ಬೇರೆ. ಅದಕ್ಕೆ ಡಾಕ್ಟರ್ ಚೀಟಿ ಬೇಕು. ಗರ್ಭಕೋಶದ ಬದಲು ನಾಳದಲ್ಲಿ ಗರ್ಭ ನಿಂತಿದ್ದರೆ ಆ ಕಿಟ್ ಕೆಲಸ ಮಾಡುವುದಿಲ್ಲ, ನಾಳ ಒಡೆದು ಹೊಟ್ಟೆಯೊಳಗೇ ರಕ್ತ ಹೋದರೆ ಜೀವಕ್ಕೇ ಸಂಚಕಾರ. ಮಾತ್ರೆ, ಕಿಟ್ ಈ ಎರಡರ ವ್ಯತ್ಯಾಸ ಗೊತ್ತಿಲ್ಲದ ಎಷ್ಟೋ ಮಕ್ಕಳನ್ನು ನೋಡಿದ್ದೇನೆ. ಹೇಳಿಕೊಡಬೇಕಾದವರು ಅಮ್ಮನನ್ನು ಕೇಳುತ್ತಾ ಕೂತಿದ್ದಾರೆ. ಸಾದಾ ಸೋಂಕು ಕೂಡ ಹಾಗೇ ಬಿಟ್ಟರೆ ಮೇಲಕ್ಕೇರಿ ಗರ್ಭನಾಳ ಮುಚ್ಚಿಹೋಗಬಹುದು, ಮುಂದೆ ಮಕ್ಕಳಾಗುವುದೇ ಕಷ್ಟ ಆಗಬಹುದು.

ನಮ್ಮಲ್ಲಿ ಇರುವ ಎಂಬಿಬಿಎಸ್ ಹುಡುಗಿ ಇವತ್ತು ಊಟಕ್ಕೆ ಕೂತಾಗ ಹೇಳಿದಳು, 2019ರಿಂದ ಅವರ ಹೊಸ ಸಿಲೆಬಸ್‌ನಲ್ಲಿ ರೋಗಿಯ ಹತ್ತಿರ ಹೇಗೆ ಮಾತಾಡಬೇಕು, ಗುಟ್ಟು ಹೇಗೆ ಕಾಪಾಡಬೇಕು ಅಂತ ಪ್ರತ್ಯೇಕ ಪಾಠವೇ ಇದೆಯಂತೆ. ಕೇಳಿ ಖುಷಿ ಆಯಿತು. ಆಮೇಲೆ ಅವಳೇ ಮೆಲ್ಲಗೆ ಹೇಳಿದಳು, "ಆಂಟಿ, ನಂಗೆ ಏನಾದ್ರೂ ಆದ್ರೆ ನಾನು ಇಲ್ಲಿ ತೋರಿಸಲ್ಲ. ಊರಿಗೆ ಹೋಗುವಾಗ ದಾರಿಯಲ್ಲಿ ಬೇರೆ ಕಡೆ ತೋರಿಸ್ತೀನಿ." ನಾಳೆ ಡಾಕ್ಟರ್ ಆಗುವವಳಿಗೇ ಇಷ್ಟು ಹೆದರಿಕೆ!

ಸರಿಯಾಗಿ ಮಾಡುವವರೂ ಇದ್ದಾರೆ. ಹಿಂದೆ ಇನ್ನೊಬ್ಬಳನ್ನು ಕರ್ಕೊಂಡು ಸರಕಾರಿ ಆಸ್ಪತ್ರೆಗೆ ಹೋಗಿದ್ದಾಗ ಒಬ್ಬರು ಯುವ ಡಾಕ್ಟರ್, "ಅಮ್ಮ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ, ಇವರ ಹತ್ರ ನಾನು ಮಾತಾಡ್ತೇನೆ" ಅಂದರು. ಇವಳು ಅನ್ನಲಿಲ್ಲ, ಇವರು ಅಂದರು. ಪರದೆ ಎಳೆದರು. ಹುಡುಗಿ ಹೊರಗೆ ಬರುವಾಗ ಮುಖ ಹಗುರ ಆಗಿತ್ತು. ಒಳಗೆ ಎಂತ ಮಾತಾಯಿತು ಅಂತ ನಾನು ಇವತ್ತಿನವರೆಗೂ ಕೇಳಿಲ್ಲ. ಅಲ್ಲೂ ರಶ್ ಇತ್ತು. ಹಾಗಾಗಿ "ಟೈಮ್ ಇಲ್ಲ" ಅನ್ನುವ ಕಾರಣ ನನ್ನ ಹತ್ತಿರ ಹೇಳಬೇಡಿ.

2014ರಲ್ಲಿ ಕೇಂದ್ರ ಸರಕಾರ 10ರಿಂದ 19 ವರ್ಷದವರಿಗಾಗಿ ಆರೋಗ್ಯ ಕಾರ್ಯಕ್ರಮ ಮಾಡಿತು. ನಮ್ಮ ರಾಜ್ಯದ ಸರಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಸ್ನೇಹ ಕ್ಲಿನಿಕ್ ಅಂತ ಹೆಸರು. ಮುಟ್ಟಿನ ತೊಂದರೆ, ಗರ್ಭನಿರೋಧಕ, ಮನಸ್ಸಿನ ಬೇಸರ ಎಲ್ಲ ಅಲ್ಲಿ ಕೇಳಬಹುದು. ಒಳ್ಳೆಯದೇ. ನಮ್ಮ ಪಿಜಿಯಲ್ಲಿ ಕೇಳಿದೆ, ಒಬ್ಬಳಿಗೂ ಅದು ಗೊತ್ತಿಲ್ಲ. ಗೊತ್ತಾದರೂ ಡಿಗ್ರಿ ಎರಡನೇ ವರ್ಷಕ್ಕೆ ಬರುವಾಗ 20 ಆಗಿರುತ್ತದೆ. ಆಮೇಲೆ ಅವರು ಮತ್ತೆ ಅದೇ ಹಾಲ್‌ಗೆ, ಅದೇ ಕೌಂಟರಿಗೆ. ಗಂಡುಮಕ್ಕಳ ಕಥೆಯೂ ಇದೇ, ಅವರು ಅಲ್ಲಿವರೆಗೂ ಬರುವುದಿಲ್ಲ.

ನನ್ನ ಫ್ರೆಂಡ್ಸ್‌ನಲ್ಲಿ ಡಾಕ್ಟರುಗಳು, ಸಿಸ್ಟರುಗಳು ತುಂಬಾ ಜನ ಇದ್ದೀರಿ. ಮಕ್ಕಳನ್ನು ಹೆಸರಿನಿಂದ, ಇಲ್ಲ ಟೋಕನ್ ನಂಬರಿನಿಂದ ಕರೆಯಿರಿ. ಜೊತೆಗೆ ಬಂದವರನ್ನು, ಅದು ನಾನೇ ಆಗಿದ್ದರೂ, ಹೊರಗೆ ಕೂರಿಸಿ. ಕೇಳಬೇಕಾದ್ದನ್ನು ಅವಳನ್ನೇ ಕೇಳಿ. ಅಮ್ಮನಿಗೆ ಫೋನ್ ಮಾಡಬೇಕಾ ಅಂತಲೂ ಅವಳನ್ನೇ ಕೇಳಿ. ಇದಕ್ಕೆ ಮೆಷಿನ್ ಬೇಡ, ಬಜೆಟ್ ಬೇಡ.

ನಮ್ಮ ಹುಡುಗಿಗೆ ಇನ್ನೊಂದು ಕಡೆ ತೋರಿಸಬೇಕು. ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಹೀಗೆ ಮರ್ಯಾದೆ ಕೊಟ್ಟು ನೋಡುವ ಡಾಕ್ಟರ್ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ. ಒಂದು ಪಟ್ಟಿ ಮಾಡಿ ಪಿಜಿಯ ನೋಟಿಸ್ ಬೋರ್ಡಿನಲ್ಲಿ, ವೈಫೈ ಪಾಸ್‌ವರ್ಡ್ ಪಕ್ಕದಲ್ಲೇ ಹಾಕುತ್ತೇನೆ. ಬೇರೆ ಪಿಜಿ, ಹಾಸ್ಟೆಲ್ ನಡೆಸುವವರಿಗೂ ಕೊಡುತ್ತೇನೆ.